ಅಸ್ಥಿಮಜ್ಜೆ ಕಸಿಯಾದವರ ವೈರಸ್ ಪರೀಕ್ಷೆ ಹುಬ್ಬಳ್ಳಿಯಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡು ಬೆಂಗಳೂರು, ವೆಲ್ಲೂರು, ಮುಂಬೈಗಳಿಂದ ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಮರಳುವವರು ಈಗ ಅಪರೂಪವಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾ, ಕಾರಣ ಯಾವುದೇ ಇರಲಿ, ಊರಿಗೆ ಬಂದ ಮೇಲೆ ಅವರು ಹತ್ತಿರದ ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸುತ್ತಾರೆ. ಬಿಳಿ ರಕ್ತಕಣ 5,200 ಎಂದು ವರದಿ ಬಂದರೆ ‘ಕೌಂಟ್ ಬಂದಾವ, ಇನ್ನ ಚಿಂತಿಲ್ಲ’ ಎಂದು ಮನೆಯವರ ಎದೆ ಹಗುರಾಗುತ್ತದೆ. ಊರಿನ ವೈದ್ಯರೂ ಎಷ್ಟೋ ಸಲ ಅದನ್ನೇ ಹೇಳಿ ಕಳಿಸುತ್ತಾರೆ. ವೈರಸ್ ಸೋಂಕಿನ ಮಟ್ಟಿಗೆ ಈ ಸಮಾಧಾನ ಅಪಾಯಕಾರಿ. ಅದಕ್ಕಾಗಿಯೇ ಈ ದೀರ್ಘ ಪತ್ರ.

ಆ 5,200 ಎಂಬ ಸಂಖ್ಯೆಯನ್ನೇ ಬಿಡಿಸಿ ನೋಡೋಣ. ಅದೇ ವರದಿಯ ಕೆಳಗಿನ ಸಾಲಿನಲ್ಲಿ ಲಿಂಫೋಸೈಟ್ (ಬಿಳಿ ರಕ್ತಕಣದ ಒಂದು ಬಗೆ) ಶೇ 8 ಎಂದಿದೆ ಎನ್ನಿ. ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 416 ಲಿಂಫೋಸೈಟ್. ಅವುಗಳಲ್ಲಿ ಶೇ 25ರಷ್ಟು ಸಿಡಿ4 ಎಂಬ ಟಿ ಕೋಶಗಳಾದರೆ ಉಳಿಯುವುದು 104. ಆರೋಗ್ಯವಂತ ವಯಸ್ಕರಲ್ಲಿ ಈ ಸಂಖ್ಯೆ ಸುಮಾರು 500ರಿಂದ 1,500ರವರೆಗೆ ಇರುತ್ತದೆ. ಮೇಲಿನ ಸಾಲು ನಾರ್ಮಲ್. ಆದರೆ ವೈರಸ್‌ಗಳನ್ನು ಹಿಡಿದಿಡುವ ಪಡೆ ಕನಿಷ್ಠ ಮಟ್ಟದ ಐದರಲ್ಲಿ ಒಂದು ಪಾಲಿನಷ್ಟೇ ಬಂದಿದೆ. ಈ ಗುಣಾಕಾರಕ್ಕೆ ಒಂದು ನಿಮಿಷವೂ ಬೇಡ. ಆದರೂ ಯಾರೂ ಮಾಡುವುದಿಲ್ಲ.

ಕಸಿಗೆ ಮೊದಲು ಕೊಡುವ ಕೀಮೋ ಹಳೆಯ ಮಜ್ಜೆಯನ್ನು ಅಳಿಸಿಹಾಕುತ್ತದೆ. ದಾನಿಯ ಕೋಶಗಳು ಒಳಗೆ ನೆಲೆಯೂರಿ ಎರಡರಿಂದ ನಾಲ್ಕು ವಾರಗಳಲ್ಲಿ ಬಿಳಿಕಣದ ಇನ್ನೊಂದು ಬಗೆಯಾದ ನ್ಯೂಟ್ರೊಫಿಲ್‌ಗಳು ಕಾಣಿಸಿಕೊಳ್ಳುತ್ತವೆ. ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿಯಿತು ಎನ್ನುತ್ತಾರೆ. ನ್ಯೂಟ್ರೊಫಿಲ್‌ಗಳ ಕೆಲಸ ಹೆಚ್ಚಾಗಿ ಬ್ಯಾಕ್ಟೀರಿಯಾ ಮತ್ತು ಬೂಸ್ಟಿನ ವಿರುದ್ಧ. ವೈರಸ್‌ನ ಕಾವಲು ಟಿ ಕೋಶಗಳದ್ದು, ಅವು ಬರುವುದು ತಡ. ಎನ್‌ಕೆ ಕೋಶಗಳು (ಇನ್ನೊಂದು ಬಗೆಯ ಲಿಂಫೋಸೈಟ್) ಒಂದೆರಡು ತಿಂಗಳಲ್ಲಿ ಬರುತ್ತವೆ, ಅನಂತರ ಸಿಡಿ8 ಎಂಬ ಟಿ ಕೋಶಗಳು. ಸಿಡಿ4 ಸಾಕಷ್ಟು ಆಗಲು ಅನೇಕರಲ್ಲಿ ವರ್ಷ ಹಿಡಿಯುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳೂ ನಿಧಾನ. ಒಟ್ಟು ವ್ಯವಸ್ಥೆ ಸರಿದೂಗಲು ಎರಡು ವರ್ಷ, ಕೆಲವರಲ್ಲಿ ಅದಕ್ಕಿಂತ ಹೆಚ್ಚು. ಎರಿ ಹೊಲದಲ್ಲಿ ಮೊಳಕೆ ಕಂಡಿತೆಂದು ಯಾರೂ ರಾಶಿಗೆ ಕಣ ಸಿದ್ಧ ಮಾಡುವುದಿಲ್ಲ. ನ್ಯೂಟ್ರೊಫಿಲ್ ಬಂದದ್ದು ಆ ಮೊಳಕೆ. (ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಮಾಡುವಂತೆ ರೋಗಿಯ ಸ್ವಂತ ಕೋಶಗಳನ್ನೇ ಮರಳಿ ಕೊಟ್ಟಾಗ ಈ ಅಪಾಯ ಕಡಿಮೆ. ನಾವು ಬರೆಯುತ್ತಿರುವುದು ಅಣ್ಣತಮ್ಮ, ಅಕ್ಕತಂಗಿ, ತಂದೆತಾಯಿ ಅಥವಾ ಹೊರಗಿನ ದಾನಿಯಿಂದ ಕೋಶ ಪಡೆದವರ ಬಗ್ಗೆ.)

ಈ ಅವಧಿಯಲ್ಲಿ ಮೇಲೇಳುವ ವೈರಸ್‌ಗಳಲ್ಲಿ ಹೆಚ್ಚಿನವು ಹೊರಗಿನಿಂದ ಬರುವುದೇ ಇಲ್ಲ, ಮೈಯೊಳಗೇ ಮಲಗಿರುತ್ತವೆ. ಮೊದಲನೆಯದು ಸೈಟೋಮೆಗಲೋವೈರಸ್, ಚಿಕ್ಕದಾಗಿ ಸಿಎಂವಿ. ನಮ್ಮ ದೇಶದ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಇದು ಚಿಕ್ಕಂದಿನಲ್ಲೇ ತಗುಲಿ, ಸಣ್ಣ ಜ್ವರದಂತೆ ಬಂದು ಹೋಗಿ, ಜೀವಮಾನವಿಡೀ ಒಳಗೇ ಉಳಿಯುತ್ತದೆ. ಕಾವಲು ಹೋದಾಗ ಎದ್ದು ಶ್ವಾಸಕೋಶ, ಕರುಳು, ಯಕೃತ್ತು, ಕಣ್ಣಿನ ಪಟಲವನ್ನು ಹಾಳುಮಾಡುತ್ತದೆ. ಇಲ್ಲಿ ವೈದ್ಯರೂ ಎಡವುವ ಒಂದು ಜಾಗವಿದೆ. ಮೂತ್ರಪಿಂಡ ಕಸಿಯಲ್ಲಿ ಹೆಚ್ಚು ಅಪಾಯ, ದಾನಿಗೆ ಸಿಎಂವಿ ಇದ್ದು ಪಡೆಯುವವರಿಗೆ ಇಲ್ಲದಿದ್ದಾಗ. ಅಸ್ಥಿಮಜ್ಜೆ ಕಸಿಯಲ್ಲಿ ಅದು ತಿರುವುಮುರುವು. ರೋಗಿಯ ಮೈಯಲ್ಲಿ ವೈರಸ್ ಇದೆ, ದಾನಿಗೆ ಅದರ ಪರಿಚಯವೇ ಇಲ್ಲ ಎಂದಾಗ ಹೆಚ್ಚು ಕಷ್ಟ. ಏಕೆಂದರೆ ಹೊಸ ಕಾವಲುಪಡೆ ಬಂದದ್ದು ದಾನಿಯಿಂದ, ಆ ಪಡೆ ಈ ಶತ್ರುವನ್ನು ಹಿಂದೆಂದೂ ಕಂಡಿಲ್ಲ. ಆದ್ದರಿಂದ ರೋಗಿ ಮತ್ತು ದಾನಿ ಇಬ್ಬರ ಸಿಎಂವಿ ಐಜಿಜಿ (ಪ್ರತಿಕಾಯ) ಫಲಿತಾಂಶವೂ ಕಸಿಗೆ ಮುಂಚಿನದು ಫೈಲಿನಲ್ಲಿ ಇರಲೇಬೇಕು. ಕಸಿಯ ನಂತರ ಅದನ್ನು ಮಾಡಿಸಿ ಪ್ರಯೋಜನವಿಲ್ಲ, ಕಾರಣ ಮುಂದೆ ಹೇಳುತ್ತೇವೆ.

ಹಾಗಾಗಿ ಇಡಬೇಕಾದ ಲೆಕ್ಕ ಎರಡು. ಹಳ್ಳಕ್ಕೆ ನೀರು ಎಷ್ಟು ಬಂದಿದೆ ಎಂಬುದು ಒಂದು, ಒಡ್ಡು ಎಷ್ಟು ಗಟ್ಟಿಯಾಗಿದೆ ಎಂಬುದು ಇನ್ನೊಂದು. ನೀರಿನ ಲೆಕ್ಕ ಕೊಡುವುದು ರಕ್ತದಲ್ಲಿರುವ ವೈರಸ್ ಅಳೆಯುವ ಪಿಸಿಆರ್, ಒಡ್ಡಿನದು ಟಿ ಕೋಶಗಳ ಪರೀಕ್ಷೆ.

ಪಿಸಿಆರ್ ಅನ್ನು ಕಸಿಯಾದ ದಿನದಿಂದ ಸುಮಾರು ನೂರು ದಿನದವರೆಗೆ ವಾರಕ್ಕೊಮ್ಮೆ ಮಾಡುತ್ತಾರೆ. ರೋಗ ಕಾಣುವವರೆಗೆ ಕಾಯದೆ, ರಕ್ತದಲ್ಲಿ ವೈರಸ್ ಏರುತ್ತಿದ್ದಂತೆ ಔಷಧ ಶುರುಮಾಡುವುದು ಇದರ ಉದ್ದೇಶ. ವರದಿ ಒಂದು ಮಿಲಿಲೀಟರಿಗೆ ಇಷ್ಟು ‘ಅಂತರರಾಷ್ಟ್ರೀಯ ಯೂನಿಟ್’ ಎಂದು ಇರಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಅಳತೆಗೋಲು ನಿಗದಿ ಮಾಡಿದ ಮೇಲೆ ‘ಕಾಪಿ’ ಲೆಕ್ಕದ ವರದಿಗಳನ್ನು ಒಪ್ಪಿಕೊಳ್ಳುವ ಕಾರಣವೇ ಇಲ್ಲ. ಅಳತೆಗೋಲು ಬಂದರೂ ಲ್ಯಾಬಿನಿಂದ ಲ್ಯಾಬಿಗೆ ವ್ಯತ್ಯಾಸ ಉಳಿದಿದೆ. ಇಡೀ ರಕ್ತದಲ್ಲಿ ಮಾಡಿದರೆ ಸಂಖ್ಯೆ ಹೆಚ್ಚು ಬರುತ್ತದೆ, ಪ್ಲಾಸ್ಮಾದಲ್ಲಿ (ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವಭಾಗ) ಮಾಡಿದರೆ ಕಡಿಮೆ. ಒಂದು ವಾರ ಬೆಂಗಳೂರಿನ ಲ್ಯಾಬಿನಲ್ಲಿ ಪ್ಲಾಸ್ಮಾ, ಮುಂದಿನ ವಾರ ಊರಿನ ಕಲೆಕ್ಷನ್ ಸೆಂಟರಿನ ಮೂಲಕ ಇನ್ನೆಲ್ಲೋ ಇಡೀ ರಕ್ತ ಎಂದಾದರೆ ಎರಡೂ ವರದಿಗಳನ್ನು ಹೋಲಿಸಿ ಏನೂ ಹೇಳಲಾಗದು. ಒಂದೇ ಲ್ಯಾಬ್, ಒಂದೇ ಬಗೆಯ ಮಾದರಿ, ಇದು ಮೊದಲ ನಿಯಮ.

ಇನ್ನೊಂದು: ಈ ಪರೀಕ್ಷೆಯಲ್ಲಿ ಮೂರು ಪಟ್ಟಿಗಿಂತ ಕಡಿಮೆ ಏರಿಳಿತಕ್ಕೆ ಅರ್ಥ ಕೊಡಬಾರದು. ಕಳೆದ ವಾರ 300 ಇದ್ದದ್ದು ಈ ವಾರ 600 ಆದರೆ ‘ಡಬಲ್ ಆಯ್ತು’ ಎಂದು ಮನೆಯವರು ಗಾಬರಿಯಾಗುತ್ತಾರೆ. ಅದು ಯಂತ್ರದ ಸಹಜ ತೂಗಾಟವೂ ಇರಬಹುದು. 300 ಇದ್ದದ್ದು 1,500 ಆದರೆ ಅದು ನಿಜವಾದ ಏರಿಕೆ, ಅಂದೇ ಕಸಿ ಮಾಡಿದ ವೈದ್ಯರಿಗೆ ಫೋನ್ ಹೋಗಬೇಕು. ಎಷ್ಟಕ್ಕೆ ಔಷಧ ಶುರುಮಾಡಬೇಕು ಎಂಬುದು ಕೇಂದ್ರದಿಂದ ಕೇಂದ್ರಕ್ಕೆ, ರೋಗಿಯ ಅಪಾಯದ ಮೇಲೆ ಬೇರೆ ಬೇರೆ. ಡಿಸ್ಚಾರ್ಜ್ ಆಗುವಾಗಲೇ ಆ ಸಂಖ್ಯೆಯನ್ನು ಕೇಳಿ ಬರೆಸಿಕೊಂಡು ಬನ್ನಿ.

ಔಷಧ ಶುರುವಾದ ಮೇಲೆ ಊರಿನ ವೈದ್ಯರ ಪಾತ್ರ ದೊಡ್ಡದು. ಸಿಎಂವಿಗೆ ಕೊಡುವ ಮಾತ್ರೆ ವಾಲ್‌ಗ್ಯಾನ್‌ಸೈಕ್ಲೊವಿರ್ ಮೂತ್ರಪಿಂಡ ಸರಿಯಿರುವ ವಯಸ್ಕರಿಗೆ 900 ಮಿ.ಗ್ರಾಂ., ಅಂದರೆ 450ರ ಎರಡು ಮಾತ್ರೆ, ದಿನಕ್ಕೆ ಎರಡು ಸಲ, ಊಟದ ಜೊತೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಈ ಮಾತ್ರೆಯನ್ನು ಮುರಿಯಬಾರದು, ಕುಟ್ಟಿ ಪುಡಿ ಮಾಡಬಾರದು. ಮನೆಯಲ್ಲಿ ಗರ್ಭಿಣಿ ಇದ್ದರೆ ಅವರು ಒಡೆದ ಮಾತ್ರೆಯನ್ನು ಮುಟ್ಟಲೇಬಾರದು, ಭ್ರೂಣಕ್ಕೆ ಹಾನಿಯಾಗುವ ಔಷಧವಿದು. ಮಕ್ಕಳಿಗೆ ಬೇಕಾದರೆ ದ್ರವರೂಪದ್ದನ್ನೇ ಕೇಳಬೇಕು. ಇದು ಮಜ್ಜೆಯನ್ನೂ ಅದುಮುತ್ತದೆ. ಹೊಸದಾಗಿ ಬಂದ ನ್ಯೂಟ್ರೊಫಿಲ್ ಮತ್ತೆ 500ರ ಕೆಳಗೆ ಇಳಿಯಬಹುದು. ಆದ್ದರಿಂದ ಔಷಧ ನಡೆದಿರುವಷ್ಟು ದಿನ ಸಿಬಿಸಿ ವಾರಕ್ಕೆ ಎರಡು ಸಲ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಜೊತೆಗೆ. ಕ್ರಿಯಾಟಿನಿನ್ ಏರಿದರೆ ಡೋಸ್ ಇಳಿಸಬೇಕು. ಇಳಿಸದಿದ್ದರೆ ಕೌಂಟ್ ಕುಸಿಯುತ್ತದೆ, ಬೇಕಿಲ್ಲದೆ ಇಳಿಸಿದರೆ ವೈರಸ್ ಔಷಧಕ್ಕೆ ಜಗ್ಗದ ರೂಪ ತಾಳುತ್ತದೆ.

ಮೊದಲ ವಾರ, ಹತ್ತು ದಿನಗಳಲ್ಲಿ ವೈರಸ್ ಸಂಖ್ಯೆ ಇಳಿಯುವ ಬದಲು ಇನ್ನಷ್ಟು ಏರುವುದುಂಟು. ಅಷ್ಟಕ್ಕೇ ಔಷಧ ನಾಟಲಿಲ್ಲ ಎಂದು ಬದಲಿಸಬಾರದು. ಸರಿಯಾದ ಡೋಸಿನಲ್ಲಿ ಎರಡು ವಾರ ಕಳೆದ ಮೇಲೂ ಹತ್ತು ಪಟ್ಟು ಮೀರಿ ಏರಿದರೆ ಪ್ರತಿರೋಧದ ಪರೀಕ್ಷೆಯ ಮಾತು ಬರುತ್ತದೆ. ಇನ್ನೂ ಒಂದು ಎಚ್ಚರಿಕೆ. ಕರುಳಿನ ಸಿಎಂವಿಯಲ್ಲಿ ರಕ್ತದ ಪಿಸಿಆರ್ ನೆಗೆಟಿವ್ ಬರಬಹುದು. ಭೇದಿ ನಿಲ್ಲದೆ ಇದ್ದಾಗ ‘ಪಿಸಿಆರ್ ನೆಗೆಟಿವ್ ಅದ’ ಎಂದು ಕೈಬಿಡದೆ ಎಂಡೋಸ್ಕೋಪಿ ಮಾಡಿ ಚೂರು ತೆಗೆದು ನೋಡಬೇಕಾಗುತ್ತದೆ. ಒಣ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ದಮ್ಮು, ಕಣ್ಣೆದುರು ಮಂಜು, ಇವೂ ಹಾಗೆಯೇ. ವಾರದ ರಕ್ತ ಪರೀಕ್ಷೆಯ ದಿನಕ್ಕೆ ಕಾಯಬಾರದು.

ಈಗ ನೂರನೇ ದಿನದ ಮಾತು. ಆ ದಿನ ಕಳೆದರೆ ಗಂಡಾಂತರ ಕಳೆದಂತೆ ಎಂಬ ನಂಬಿಕೆ ರೋಗಿಗಳಲ್ಲಿ ಆಳವಾಗಿ ಬೇರೂರಿದೆ. ಊರಿಗೆ ಕಳಿಸುವುದೂ ಹೆಚ್ಚುಕಡಿಮೆ ಆಗಲೇ. ಆದರೆ ತಡವಾಗಿ ಬರುವ ಸಿಎಂವಿ ಕಾಯಿಲೆ ಎದ್ದೇಳುವುದು ಆಮೇಲೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೆಟರ್ಮೊವಿರ್ ಎಂಬ ಮುನ್ನೆಚ್ಚರಿಕೆಯ ಮಾತ್ರೆ ಈ ಚಿತ್ರವನ್ನು ಇನ್ನಷ್ಟು ಬದಲಿಸಿದೆ. ಅದು ಮಜ್ಜೆಗೆ ಪೆಟ್ಟು ಕೊಡುವುದಿಲ್ಲ, ವೈರಸ್ ಅನ್ನು ಚೆನ್ನಾಗಿ ಅದುಮಿಡುತ್ತದೆ. ಹೀಗೆ ಅದುಮಿಟ್ಟಿದ್ದರಿಂದಲೇ ಹೊಸ ಟಿ ಕೋಶಗಳಿಗೆ ವೈರಸ್‌ನ ಮುಖ ಪರಿಚಯ ಆಗುವುದು ತಡ. ನೂರನೇ ದಿನ ಮಾತ್ರೆ ನಿಲ್ಲಿಸಿದರೆ ಮುಂದಿನ ಒಂದೆರಡು ತಿಂಗಳಲ್ಲಿ ವೈರಸ್ ಎದ್ದ ಉದಾಹರಣೆಗಳು ಸಾಕಷ್ಟು. ಅದಕ್ಕೆಂದೇ 2023ರಲ್ಲಿ, ಅಪಾಯ ಹೆಚ್ಚಿರುವವರಿಗೆ 200 ದಿನಗಳವರೆಗೆ ಕೊಡಲು ಅನುಮತಿ ಬಂತು. ಈ ಮಾತ್ರೆ ನುಂಗುತ್ತಿರುವವರು, ನಿಲ್ಲಿಸಿದವರು, ಸ್ಟೀರಾಯ್ಡ್ ಮೇಲಿರುವವರು, ಅರ್ಧ ಹೊಂದಾಣಿಕೆಯ ದಾನಿಯಿಂದ ಪಡೆದವರು, ಎಟಿಜಿ (ಟಿ ಕೋಶಗಳನ್ನು ಅಳಿಸುವ ಔಷಧ) ಪಡೆದವರು, ಒಮ್ಮೆ ಸಿಎಂವಿ ಎದ್ದು ಹೋದವರು: ಇವರೆಲ್ಲರಿಗೂ ನೂರು ದಿನದ ಆಚೆಗೂ ಪಿಸಿಆರ್ ಮುಂದುವರಿಯಬೇಕು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ವೈದ್ಯರು ಹೇಳಲಿ. ಲೆಟರ್ಮೊವಿರ್ ಹರ್ಪಿಸ್, ಸರ್ಪಸುತ್ತಿನ ವೈರಸ್‌ಗಳಿಗೆ ನಾಟುವುದಿಲ್ಲ. ‘ಎರಡೂ ವೈರಸ್ಸಿನ ಗುಳಿಗಿನ’ ಎಂದು, ಆ ವೈರಸ್‌ಗಳಿಗೆ ಕೊಡುವ ಅಸೈಕ್ಲೊವಿರ್ ಬಿಟ್ಟವರಿದ್ದಾರೆ. ಅದನ್ನು ಕನಿಷ್ಠ ಒಂದು ವರ್ಷ, ರೋಗನಿರೋಧ ತಗ್ಗಿಸುವ ಔಷಧ ನಡೆದಿದ್ದರೆ ಅದು ಮುಗಿಯುವವರೆಗೂ ಬಿಡಬಾರದು. ಎದೆ ಅಥವಾ ಸೊಂಟದ ಒಂದೇ ಪಕ್ಕದಲ್ಲಿ ಉರಿ ಬಂದು ಗುಳ್ಳೆ ಎದ್ದರೆ ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ ದಿನ ಕಳೆಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಉಳಿದ ವೈರಸ್‌ಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಇಬಿವಿ (ಎಪ್‌ಸ್ಟೈನ್-ಬಾರ್ ವೈರಸ್) ಬಿ ಕೋಶಗಳನ್ನು ಅಂಕೆಯಿಲ್ಲದೆ ಬೆಳೆಸಿ ಲಿಂಫೋಮಾದಂಥ ರೋಗ ತರಬಲ್ಲದು, ಎಟಿಜಿ ಪಡೆದವರಲ್ಲಿ ಹೆಚ್ಚು. ಅದಕ್ಕೂ ಪಿಸಿಆರ್, ಕುತ್ತಿಗೆ ಮತ್ತು ಕಂಕುಳಲ್ಲಿ ಗಂಟು ಮುಟ್ಟಿ ನೋಡುವುದು. ಅಡಿನೊವೈರಸ್‌ನ ಕಾಟ ಹೆಚ್ಚಾಗಿ ಮಕ್ಕಳಲ್ಲಿ. ಬಿಕೆ ವೈರಸ್ ಮೂತ್ರದಲ್ಲಿ ರಕ್ತ ತರುತ್ತದೆ. ಹೆಪಟೈಟಿಸ್ ಬಿ ಹಿಂದೆ ಬಂದು ವಾಸಿಯಾದವರಲ್ಲೂ ಮರಳಿ ಏಳಬಹುದು.

ಒಡ್ಡಿನ ಬಲ ಅಳೆಯುವ ಸರಳ ಪರೀಕ್ಷೆ ಸಿಡಿ4 ಎಣಿಕೆ. ಕಸಿಯಾದ 3, 6, 12ನೇ ತಿಂಗಳಲ್ಲಿ, ಆಮೇಲೆ ಸರಿಯಾಗುವವರೆಗೆ ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು. 50ಕ್ಕಿಂತ ಕೆಳಗಿದ್ದರೆ ತೀವ್ರ ಎಚ್ಚರ. 200 ದಾಟಿದರೆ ಸ್ವಲ್ಪ ಉಸಿರಾಡಬಹುದು. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಹೊಳೆಯುವ ಬಣ್ಣ ಹಚ್ಚಿದ ಪ್ರತಿಕಾಯಗಳು ಕೋಶಗಳಿಗೆ ಅಂಟುತ್ತವೆ, ಕೋಶಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುವಾಗ ಯಂತ್ರ ಎಣಿಸುತ್ತದೆ. ಕೆಲವು ಯಂತ್ರಗಳು ಕೊಡುವುದು ಶೇಕಡಾವಾರು ಮಾತ್ರ. ಅದನ್ನು ಸಿಬಿಸಿಯ ಲಿಂಫೋಸೈಟ್ ಸಂಖ್ಯೆಗೆ ಗುಣಿಸಬೇಕು. ಆ ಸಿಬಿಸಿ ಅದೇ ದಿನದ, ಅದೇ ಟ್ಯೂಬಿನದ್ದಾಗಿರಬೇಕು. ಮೂರು ದಿನ ಹಳೆಯ ಸಿಬಿಸಿ ಹಿಡಿದು ಗುಣಿಸಿದ ವರದಿ ಕಾಗದಕ್ಕೆ ಮಾತ್ರ. ಸಿಡಿ4ಕ್ಕಿಂತ ಸಿಡಿ8 ಹೆಚ್ಚಾಗಿ ಕಾಣುವುದು ಕಸಿಯ ನಂತರ ಸಾಮಾನ್ಯ, ಸಿಎಂವಿ ಎದ್ದಾಗ ಇನ್ನೂ ಹೆಚ್ಚು. ‘ಅನುಪಾತ ಉಲ್ಟಾ’ ಎಂದು ಎಚ್‌ಐವಿಯ ಗುಮಾನಿ ಹುಟ್ಟಿಸಬೇಡಿ.

ಸಿಡಿ4 ಹೇಳುವುದು ಒಟ್ಟು ಪಡೆಯ ತಲೆಯೆಣಿಕೆ. ಸಿಎಂವಿಯನ್ನೇ ಗುರುತಿಸಿ ಹೊಡೆಯುವ ಕೋಶಗಳು ಅದರಲ್ಲಿ ಇವೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಇರುವುದು ಎಲಿಸ್ಪಾಟ್. ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ಸಾಂದ್ರ ದ್ರಾವಣದ ಮೇಲೆ ಮೆಲ್ಲನೆ ಹರಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪುಕಣಗಳು ತಳಕ್ಕೆ ಇಳಿದು ಲಿಂಫೋಸೈಟ್‌ಗಳು ನಡುವೆ ಬಿಳಿ ಉಂಗುರವಾಗಿ ನಿಲ್ಲುತ್ತವೆ. ಆ ಉಂಗುರವನ್ನು ಹೀರಿ, ತೊಳೆದು, ಎಣಿಸಿ, 96 ಬಟ್ಟಲುಗಳ ತಟ್ಟೆಯಲ್ಲಿ ಬಟ್ಟಲಿಗೆ ಎರಡೂವರೆ ಲಕ್ಷದಂತೆ ಹಾಕುತ್ತಾರೆ. ಒಂದು ಬಟ್ಟಲಿಗೆ ಏನೂ ಇಲ್ಲ, ಒಂದಕ್ಕೆ ಯಾವುದೇ ಟಿ ಕೋಶವನ್ನು ಕೆರಳಿಸುವ ಪಿಎಚ್‌ಎ, ಇನ್ನೆರಡಕ್ಕೆ ಸಿಎಂವಿಯ ಪಿಪಿ65 ಮತ್ತು ಐಇ-1 ಪ್ರೋಟೀನಿನ ತುಣುಕುಗಳು. 37 ಡಿಗ್ರಿಯಲ್ಲಿ ಒಂದು ರಾತ್ರಿ. ವೈರಸ್ ತುಣುಕನ್ನು ಗುರುತಿಸಿದ ಕೋಶ ಇಂಟರ್‌ಫೆರಾನ್ ಗಾಮಾ ಸೂಸುತ್ತದೆ, ಬಟ್ಟಲಿನ ತಳದಲ್ಲಿ ಅದು ಕುಳಿತ ಜಾಗದಲ್ಲೇ ಮರುದಿನ ನೀಲಿ-ನೇರಳೆ ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆ ಎಂದರೆ ಒಂದು ಕಾವಲುಗಾರ ಕೋಶ.

ಇಲ್ಲಿ ತಪ್ಪುವುದು ಮೊದಲು ರಕ್ತದ ಪ್ರಮಾಣದಲ್ಲಿ. ನಾಲ್ಕು ಬಗೆಯ ಬಟ್ಟಲು, ಪ್ರತಿಯೊಂದಕ್ಕೂ ಜೋಡಿ, ಅಂದರೆ ಎಂಟು ಬಟ್ಟಲಿಗೆ 20 ಲಕ್ಷ ಕೋಶ ಬೇಕು. ಲಿಂಫೋಸೈಟ್ 416 ಇರುವವರ 10 ಮಿ.ಲೀ. ರಕ್ತದಲ್ಲಿ 41.6 ಲಕ್ಷ ಇರುತ್ತವೆ. ಬೇರ್ಪಡಿಸಿ ತೊಳೆಯುವಾಗ ಅರ್ಧ ಹೋದರೂ ಹೇಗೋ ಸಾಕಾಗುತ್ತದೆ. ಲಿಂಫೋಸೈಟ್ 150 ಇದ್ದರೆ ಅದೇ 10 ಮಿ.ಲೀ.ಗೆ ಸಿಗುವುದು ಏಳೂವರೆ ಲಕ್ಷ, ಮೂರು ಬಟ್ಟಲಿಗಷ್ಟೇ. ಸೂಜಿ ಚುಚ್ಚುವ ಮೊದಲೇ ಸಿಬಿಸಿ ನೋಡಿ ಈ ಲೆಕ್ಕ ಹಾಕಬೇಕು. 15 ಕಿಲೋ ತೂಕದ ಮಗುವಿನಿಂದ ಸಾಲದಷ್ಟು ರಕ್ತ ತೆಗೆದು ವ್ಯರ್ಥ ಮಾಡುವುದು ತಪ್ಪು. ಎರಡನೆಯದು, ವರದಿ ಓದುವಾಗ. ಪಿಎಚ್‌ಎ ಬಟ್ಟಲಿನಲ್ಲೂ ಚುಕ್ಕೆ ಮೂಡದಿದ್ದರೆ ‘ಸಿಎಂವಿ ವಿರುದ್ಧ ಶಕ್ತಿ ಶೂನ್ಯ’ ಎಂದು ಬರೆಯಬಾರದು. ಕೋಶಗಳು ದಾರಿಯಲ್ಲೇ ಸತ್ತಿರಬಹುದು, ಸ್ಟೀರಾಯ್ಡ್ ಅವುಗಳನ್ನು ಅದುಮಿರಬಹುದು. ಆ ವರದಿಗೆ ‘ನಿರ್ಣಯಿಸಲಾಗದು’ ಎಂದೇ ಹೆಸರು. ಕ್ವಾಂಟಿಫೆರಾನ್-ಸಿಎಂವಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಕೋಶ ಬೇರ್ಪಡಿಸುವ ಗೊಡವೆಯಿಲ್ಲ. ಮೂರು ಟ್ಯೂಬಿಗೆ ಒಂದೊಂದು ಮಿ.ಲೀ. ರಕ್ತ, ಗೋಡೆಗೆ ಅಂಟಿದ ಪದಾರ್ಥ ಕರಗುವಂತೆ ಚೆನ್ನಾಗಿ ಅಲುಗಾಡಿಸಿ, 16ರಿಂದ 24 ತಾಸು 37 ಡಿಗ್ರಿ. ಕ್ಷಯಕ್ಕೆ ಐಜಿಆರ್‌ಎ ಮಾಡುವ ಲ್ಯಾಬಿಗೆ ಈ ಕೆಲಸ ಹೊಸದಲ್ಲ. ಲಿಂಫೋಸೈಟ್ ತೀರಾ ಕಡಿಮೆ ಇದ್ದಾಗ ಇದೂ ‘ನಿರ್ಣಯಿಸಲಾಗದು’ ಎಂದೇ ಬರುತ್ತದೆ.

ಇವು ಎಲ್ಲರಿಗೂ ಬೇಕಾದ ಪರೀಕ್ಷೆಗಳಲ್ಲ. ಮುನ್ನೆಚ್ಚರಿಕೆಯ ಮಾತ್ರೆ ನಿಲ್ಲಿಸಬೇಕೋ ಮುಂದುವರಿಸಬೇಕೋ, ಪದೇ ಪದೇ ಏಳುವ ಸಿಎಂವಿಗೆ ಮತ್ತೆ ಔಷಧ ಕೊಡಬೇಕೋ ಕಾದು ನೋಡಬೇಕೋ ಎಂಬ ಕವಲಿನಲ್ಲಿ ನಿಂತಾಗ ಮಾಡಿಸಬೇಕು. ಕಡಿಮೆ ಮಟ್ಟದ ವೈರಸ್ ಇದ್ದು ಚುಕ್ಕೆಗಳೂ ಚೆನ್ನಾಗಿದ್ದರೆ ಮೈ ತಾನೇ ನಿಭಾಯಿಸುವ ಸಾಧ್ಯತೆ ಹೆಚ್ಚು. ವೈರಸ್ ಇದ್ದು ಚುಕ್ಕೆಯೇ ಇಲ್ಲವೆಂದರೆ ಬಿಗಿ ನಿಗಾ. ಅನಂತರ ಸ್ಟೀರಾಯ್ಡ್ ಶುರುವಾದರೆ ಹಿಂದಿನ ಒಳ್ಳೆಯ ವರದಿಯನ್ನು ನೆಚ್ಚಬಾರದು.

ಟ್ಯೂಬು ಮತ್ತು ಸಾಗಾಟದ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಭಾಗದಲ್ಲಿ ಪರೀಕ್ಷೆ ಕೆಡುವುದು ಯಂತ್ರದಿಂದಲ್ಲ, ದಾರಿಯಲ್ಲಿ. ಪಿಸಿಆರ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಹಸಿರು ಟ್ಯೂಬಿನ ಹೆಪಾರಿನ್ ಪಿಸಿಆರ್ ಕ್ರಿಯೆಯನ್ನೇ ತಡೆದು ಸುಳ್ಳು ನೆಗೆಟಿವ್ ಕೊಡುತ್ತದೆ. ಎದೆಯಲ್ಲಿ ಕೂರಿಸಿದ ಕೊಳವೆಯಿಂದ (ಲೈನ್) ರಕ್ತ ತೆಗೆಯುವಾಗಲೂ ಇದೇ ಅಪಾಯ. ಲೈನಿನಲ್ಲಿ ಉಳಿದ ಹೆಪಾರಿನ್ ಹೋಗಲು ಮೊದಲ 5 ಮಿ.ಲೀ. ಚೆಲ್ಲಬೇಕು. ಪ್ಲಾಸ್ಮಾವನ್ನು ಆರು ತಾಸಿನೊಳಗೆ ಬೇರ್ಪಡಿಸಿದರೆ ಒಳ್ಳೆಯದು, 24 ತಾಸು ಮೀರಬಾರದು. ತಡವಾದಂತೆ ಬಿಳಿಕಣ ಒಡೆದು ಒಳಗಿನ ವೈರಸ್ ಡಿಎನ್‌ಎ ಪ್ಲಾಸ್ಮಾಕ್ಕೆ ಸೋರಿ ಸಂಖ್ಯೆ ಸುಳ್ಳೇ ಏರುತ್ತದೆ. ಬೇರ್ಪಡಿಸಿದ ಪ್ಲಾಸ್ಮಾವನ್ನು ತಂಪಿನ ಪೆಟ್ಟಿಗೆಯಲ್ಲಿ ಕಳಿಸಬಹುದು. ಎಲಿಸ್ಪಾಟ್ ಮತ್ತು ಸಿಡಿ4ರ ರಕ್ತವನ್ನು ಮಾತ್ರ ಫ್ರಿಜ್‌ನಲ್ಲಿ ಇಡಬಾರದು, ಐಸ್ ಮೇಲೆ ಇಡಬಾರದು. ಇದನ್ನು ಎಷ್ಟು ಹೇಳಿದರೂ ಸಾಲದು, ರಕ್ತ ಎಂದರೆ ಐಸ್ ಎಂಬ ರೂಢಿ ಅಷ್ಟು ಗಟ್ಟಿಯಾಗಿದೆ. ತಂಪಿನಲ್ಲಿ ಟಿ ಕೋಶ ಮಂಕಾಗುತ್ತದೆ, ಬೇರ್ಪಡಿಸುವಾಗ ಕೆಂಪುಕಣಗಳು ಉಂಗುರದೊಳಗೆ ಬೆರೆಯುತ್ತವೆ. ಹಾಗೆಂದು ಏಪ್ರಿಲ್‌ನ ಬಿಸಿಲಲ್ಲಿ ಮುಂಡರಗಿಯಿಂದ ಬರುವ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ತಂದರೂ ಕೆಡುತ್ತದೆ. ಥರ್ಮೋಕೋಲ್ ಡಬ್ಬಿಯಲ್ಲಿ ನಲ್ಲಿಯ ನೀರು ತುಂಬಿದ ಎರಡು ಬಾಟಲಿ, ನಡುವೆ ಬಟ್ಟೆ ಸುತ್ತಿದ ಟ್ಯೂಬ್, ಅಷ್ಟಿದ್ದರೆ 18ರಿಂದ 25 ಡಿಗ್ರಿ ನಿಲ್ಲುತ್ತದೆ. ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಲ್ಯಾಬ್ ಮುಟ್ಟಬೇಕು. ಒಂದು ರಾತ್ರಿ ಇಟ್ಟ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳೂ ಹಗುರಾಗಿ ಲಿಂಫೋಸೈಟ್ ಉಂಗುರಕ್ಕೆ ಸೇರಿಕೊಂಡು ಟಿ ಕೋಶಗಳನ್ನು ಅದುಮುತ್ತವೆ. ಶುಕ್ರವಾರ ಸಂಜೆ, ಶನಿವಾರ ರಕ್ತ ತೆಗೆಸಬೇಡಿ, ಭಾನುವಾರ ತಟ್ಟೆ ಓದುವವರು ಇರುವುದಿಲ್ಲ. ಅದೇ ದಿನ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೊರಿನ್ (ರೋಗನಿರೋಧ ತಗ್ಗಿಸುವ ಔಷಧಗಳು) ಮಟ್ಟವನ್ನೂ ನೋಡಬೇಕಿದ್ದರೆ ಬೆಳಗಿನ ಗುಳಿಗೆ ನುಂಗದೆ ಬನ್ನಿ, ರಕ್ತ ಕೊಟ್ಟ ಮೇಲೆ ನುಂಗಿ.

ಕಸಿಯ ನಂತರ ಸಿಎಂವಿ ಐಜಿಜಿ ಮಾಡಿಸಿ ‘ಪಾಸಿಟಿವ್, ರೋಗನಿರೋಧಕ ಶಕ್ತಿ ಇದೆ’ ಎಂದು ಬರೆದುಕೊಡುವುದು ಇನ್ನೊಂದು ತಪ್ಪು. ಆ ಪ್ರತಿಕಾಯ ರೋಗಿಯದ್ದೇ ಆಗಿರಬೇಕಿಲ್ಲ. ರಕ್ತ, ಪ್ಲೇಟ್‌ಲೆಟ್, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಬಾಟಲಿಯಿಂದ ಬಂದ ಕಡ ಅದು, ಕೆಲವು ವಾರ, ತಿಂಗಳಲ್ಲಿ ಕರಗುತ್ತದೆ. ಒಟ್ಟು ಐಜಿಜಿ ಮಟ್ಟ ಬೇರೆ ವಿಷಯ. ಅದು ಡೆಸಿಲೀಟರಿಗೆ 400 ಮಿ.ಗ್ರಾಂ.ಗಿಂತ ಇಳಿದು ಸೋಂಕು ಮರುಕಳಿಸುತ್ತಿದ್ದರೆ ಐವಿಐಜಿ ಕೊಡುವ ಯೋಚನೆ ಮಾಡುತ್ತಾರೆ. ಆ ಮಟ್ಟವನ್ನು ಮುಂದಿನ ಬಾಟಲಿ ಹಾಕುವ ಮುಂಚೆಯೇ ನೋಡಬೇಕು.

ಹಳೆಯ ಲಸಿಕೆಗಳ ನೆನಪು ಕಸಿಯೊಂದಿಗೆ ಅಳಿಸಿಹೋಗುತ್ತದೆ, ಎಲ್ಲವನ್ನೂ ಮತ್ತೆ ಹಾಕಿಸಬೇಕು. ಜ್ವರದ ಫ್ಲೂ ಚುಚ್ಚುಮದ್ದು ನಾಲ್ಕರಿಂದ ಆರು ತಿಂಗಳ ನಂತರ, ಹೆಪಟೈಟಿಸ್ ಬಿ ಮತ್ತು ಚುಚ್ಚುವ ಪೋಲಿಯೊ ಲಸಿಕೆ ಆರರಿಂದ ಹನ್ನೆರಡು ತಿಂಗಳಿಂದ. ಹೆಪಟೈಟಿಸ್ ಬಿ ಮೂರು ಡೋಸ್ ಆದ ಮೇಲೆ ಪ್ರತಿಕಾಯ ಮಿಲಿಲೀಟರಿಗೆ 10 ಮಿಲಿ-ಯೂನಿಟ್ ದಾಟಿದೆಯೇ ನೋಡಿಕೊಳ್ಳಿ. ಜೀವಂತ ವೈರಸ್ ಇರುವ ದಡಾರ-ರುಬೆಲ್ಲಾ ಲಸಿಕೆ ಎರಡು ವರ್ಷಕ್ಕಿಂತ ಮೊದಲು ಬೇಡವೇ ಬೇಡ, ಆಗಲೂ ಜಿವಿಎಚ್‌ಡಿ (ದಾನಿಯ ಕೋಶಗಳು ರೋಗಿಯ ಮೈಯನ್ನೇ ಹೊಡೆಯುವ ತೊಂದರೆ) ಇರಬಾರದು, ರೋಗನಿರೋಧ ತಗ್ಗಿಸುವ ಔಷಧ ನಿಂತು ಕಾಲ ಕಳೆದಿರಬೇಕು. ಪಲ್ಸ್ ಪೋಲಿಯೊ ಭಾನುವಾರ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಈ ಮನೆಯ ವಿಷಯ ಮುಂಚೆಯೇ ತಿಳಿಸಿ. ಬಾಯಿಗೆ ಹಾಕುವ ಹನಿಯಲ್ಲಿರುವುದು ಜೀವಂತ ವೈರಸ್. ಕಸಿಯಾದ ಮಗುವಿಗೆ ಅದನ್ನು ಕೊಡಕೂಡದು, ಅದೇ ಮನೆಯ ಬೇರೆ ಕೂಸಿಗೂ ಚುಚ್ಚುವ ಲಸಿಕೆಯನ್ನೇ ಕೇಳಬೇಕು. ಕೂಸಿಗೆ ಹನಿ ಹಾಕಿಯಾಗಿದ್ದರೆ ವಾರಗಟ್ಟಲೆ ಅದರ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ಅದರ ಬಟ್ಟೆ ಬದಲಿಸುವ ಕೆಲಸ ರೋಗಿ ಮಾಡಬಾರದು, ಮಾಡಿದವರು ಸಾಬೂನು ಹಚ್ಚಿ ಕೈ ತೊಳೆಯಬೇಕು.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ದೇಶದ ಮೊದಲ ಅಸ್ಥಿಮಜ್ಜೆ ಕಸಿ ಆದದ್ದು 1983ರಲ್ಲಿ. ನಾಲ್ಕು ದಶಕದಲ್ಲಿ ಕಸಿ ಮಾಡುವ ಕೌಶಲ ಎಷ್ಟೋ ಊರಿಗೆ ಹರಡಿದೆ. ಕಸಿಯ ನಂತರದ ನಿಗಾ ಮಾತ್ರ ಕಸಿ ಮಾಡಿದ ಕಟ್ಟಡದಲ್ಲೇ ಉಳಿದಿದೆ. ಒಂದು ಟ್ಯೂಬ್ ರಕ್ತ ಕೊಡಲು ಹಾವೇರಿ ಜಿಲ್ಲೆಯ ಹಳ್ಳಿಯ ರೋಗಿ ಕಿಕ್ಕಿರಿದ ರೈಲು, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾನೆ. ಫ್ಲೂ, ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್‌ಗಳು ತಗಲಲು ಅದಕ್ಕಿಂತ ಬೇರೆ ಜಾಗ ಬೇಕಿಲ್ಲ. ಜೊತೆಗೆ ಹೋದವರ ಎರಡು ದಿನದ ಕೂಲಿಯೂ ಹೋಯಿತು. ದುಡ್ಡು ತೀರಿದಾಗ ಮೊದಲು ನಿಲ್ಲುವುದು ಈ ಪರೀಕ್ಷೆಯೇ.

2020ರಲ್ಲಿ ಕೋವಿಡ್‌ಗಾಗಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಆರಂಭವಾಯಿತು. ಅಂಥ ರಿಯಲ್-ಟೈಮ್ ಪಿಸಿಆರ್ ಯಂತ್ರದಲ್ಲೇ ಸಿಎಂವಿ ಅಳೆಯಬಹುದು. ಅದು ಡಿಎನ್‌ಎ ವೈರಸ್ ಆದ್ದರಿಂದ ಕೋವಿಡ್‌ಗಿಂತ ಒಂದು ಹಂತ ಕಡಿಮೆಯೇ. ಬೇಕಾದದ್ದು ಪ್ರಮಾಣ ಹೇಳುವ ಕಿಟ್, ಅಂತರರಾಷ್ಟ್ರೀಯ ಯೂನಿಟ್‌ಗೆ ಹೊಂದಿಸಿದ ಮಾಪಕ ದ್ರಾವಣಗಳು, ಅದರಲ್ಲಿ ಪಳಗಿದ ಒಬ್ಬ ತಂತ್ರಜ್ಞ. ದುಬಾರಿಯಾಗುವ ಕಾರಣ ಬೇರೆ: ಒಬ್ಬ ರೋಗಿ ಇರಲಿ, ಇಪ್ಪತ್ತು ಜನ ಇರಲಿ, ಪ್ರತಿ ಸಲ ಯಂತ್ರ ಓಡಿಸುವಾಗ ನಾಲ್ಕೈದು ಬಟ್ಟಲು ಮಾಪಕಗಳಿಗೆ, ಎರಡು ನಿಯಂತ್ರಣಕ್ಕೆ ಹೋಗುತ್ತವೆ. ಅದಕ್ಕೆ ನಮ್ಮ ಬೇಡಿಕೆ ಇಷ್ಟು. ವಾರದಲ್ಲಿ ಒಂದು ದಿನ, ಮಂಗಳವಾರ ಎಂದಿಟ್ಟುಕೊಳ್ಳೋಣ, ಗದಗ, ಹಾವೇರಿ, ಧಾರವಾಡ ಜಿಲ್ಲಾಸ್ಪತ್ರೆಗಳಲ್ಲಿ ಬೆಳಿಗ್ಗೆ ರಕ್ತ ತೆಗೆದು, ಅಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಹುಬ್ಬಳ್ಳಿಗೆ ಕಳಿಸಲಿ. ಮೂತ್ರಪಿಂಡ ಕಸಿಯಾದವರ ಮಾದರಿಗಳೂ ಅದೇ ದಿನ ಸೇರಲಿ, ಒಬ್ಬೊಬ್ಬರ ಮೇಲಿನ ಖರ್ಚು ಇಳಿಯುತ್ತದೆ. ಬುಧವಾರ ಸಂಜೆಯೊಳಗೆ ವರದಿ ಕಸಿ ಕೇಂದ್ರದ ವೈದ್ಯರ ಮೊಬೈಲಿಗೆ ತಲುಪಲಿ. ಎಚ್‌ಐವಿ ರೋಗಿಗಳಿಗಾಗಿ ಎಆರ್‌ಟಿ ಕೇಂದ್ರಗಳ ವ್ಯವಸ್ಥೆಯಲ್ಲಿ ಸಿಡಿ4 ಎಣಿಕೆ ಮೊದಲಿನಿಂದ ನಡೆದುಬಂದಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ಆ ಯಂತ್ರಗಳಲ್ಲಿ ತಿಂಗಳಿಗೆ ಕೆಲವೇ ಕಸಿ ರೋಗಿಗಳ ಮಾದರಿ ನೋಡುವುದು ಹೊರೆಯಲ್ಲ. ರಕ್ತನಿಧಿಗಳು ಕಸಿಯಾದವರಿಗೆ ಬಿಳಿಕಣ ಸೋಸಿದ, ವಿಕಿರಣ ಹಾಯಿಸಿದ ರಕ್ತವನ್ನೇ ಕೊಡುವ ಏರ್ಪಾಡು ಮಾಡಿಕೊಳ್ಳಬೇಕು. ಎಲಿಸ್ಪಾಟ್ ಸದ್ಯಕ್ಕೆ ಇಲ್ಲಿ ಬೇಡ, ಅದು ದೊಡ್ಡ ಕೇಂದ್ರದಲ್ಲಿ ಬೇಕಾದಾಗ ಆಗಲಿ.

ಕಸಿ ಕೇಂದ್ರಗಳಿಗೂ ಒಂದು ಕೋರಿಕೆ. ಇಪ್ಪತ್ತು ಪುಟದ ಇಂಗ್ಲಿಷ್ ಡಿಸ್ಚಾರ್ಜ್ ಸಾರಾಂಶದ ಮೇಲೆ ಒಂದೇ ಒಂದು ಪುಟ ಕನ್ನಡದಲ್ಲಿ ಹಚ್ಚಿಕೊಡಿ. ಕಸಿಯಾದ ದಿನಾಂಕ. ರೋಗಿ ಮತ್ತು ದಾನಿಯ ಸಿಎಂವಿ ಫಲಿತಾಂಶ. ಕೊನೆಯ ಮೂರು ಪಿಸಿಆರ್ ಸಂಖ್ಯೆ, ಯಾವ ಲ್ಯಾಬ್, ಪ್ಲಾಸ್ಮಾವೋ ಇಡೀ ರಕ್ತವೋ. ಎಷ್ಟು ದಾಟಿದರೆ ಫೋನ್ ಮಾಡಬೇಕು, ಯಾವ ನಂಬರಿಗೆ, ರಾತ್ರಿಯಾದರೆ ಯಾರಿಗೆ. ಕೊನೆಯ ಸಿಡಿ4 ಮತ್ತು ಐಜಿಜಿ. ನಡೆದಿರುವ ವೈರಸ್ ಗುಳಿಗೆಗಳ ಹೆಸರು, ಪ್ರತಿಯೊಂದೂ ಯಾವ ತಾರೀಖಿನವರೆಗೆ. ಪುಟದ ತಳದಲ್ಲಿ, ದೊಡ್ಡ ಅಕ್ಷರದಲ್ಲಿ, ಮುಂದಿನ ರಕ್ತ ತೆಗೆಸಬೇಕಾದ ದಿನ ಮತ್ತು ಟ್ಯೂಬಿನ ಮುಚ್ಚಳದ ಬಣ್ಣ.

ಇಂತಿ ತಮ್ಮ ವಿಶ್ವಾಸಿಗಳು,
ರಕ್ತರೋಗ ಚಿಕಿತ್ಸೆ ಮತ್ತು ಪ್ರಯೋಗಾಲಯ ಸೇವೆಯಲ್ಲಿರುವ ಕೆಲವರು
ಹುಬ್ಬಳ್ಳಿ